ಪ್ರಾಕ್ಸಿಯ ಹಿಂದೆ ನಾವೆಲ್ಲ ಒಬ್ಬರೇ

ಮೂರು ವರ್ಷದ ಹಿಂದೆ ನಾನು ಪುಣೆ ಹತ್ತಿರ ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಡ್ರಾಯಿಂಗ್‌ಗಳ ಫೋಟೊ ಹೊರಗೆ ಹೋಗಬಾರದೆಂದು ಅಲ್ಲಿ ಎಲ್ಲರೂ ಫೋನನ್ನು ಗೇಟಿನಲ್ಲೇ ಇಡಬೇಕಿತ್ತು. ಒಳಗೆ ಇಂಟರ್ನೆಟ್ ಬೇಕೆಂದರೆ ನನ್ನ ಪ್ರಾಕ್ಸಿ ಸರ್ವರ್ ಮೂಲಕವೇ. ಪ್ರಾಕ್ಸಿ ಎಂದರೆ ನಡುವಿನ ಆಳು. ನೀವು ಬಯಸಿದ ಪುಟವನ್ನು ತನ್ನ ಹೆಸರಿನಲ್ಲಿ ಕೇಳಿ ತಂದುಕೊಡುತ್ತದೆ, ಬೇಡದ ಸೈಟುಗಳನ್ನು ತಡೆಯುತ್ತದೆ. ಹೊರಗಿನವರಿಗೆ ಕಾಣುವುದು ಅದರ ಐಪಿ ವಿಳಾಸ ಮಾತ್ರ.

ಒಂದು ದಿನ ಖರೀದಿ ವಿಭಾಗದ ಸುಧಾ, ನಮ್ಮ ಧಾರವಾಡದವರೇ, ಓಡಿ ಬಂದರು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಸಂಜೆ ಐದರೊಳಗೆ ಆನ್‌ಲೈನಿನಲ್ಲಿ ಒಪ್ಪಿಗೆ ಕೊಡದಿದ್ದರೆ ಅದು ಇನ್ನೊಬ್ಬರ ಪಾಲು. ಮಗಳು ದಾರಿಯಲ್ಲಿ ಸಿಗ್ನಲ್ ಸಿಗದ ಬೆಳಗಾವಿ ಬಸ್ಸಿನಲ್ಲಿದ್ದುದರಿಂದ ಆ ಕೆಲಸ ತಾಯಿಯ ಮೇಲೆ ಬಿದ್ದಿತ್ತು.

"ಸೈಟ್ ತೆರೀವಲ್ದು ಸರ್. ನಿಮ್ಮ ವಿಳಾಸ ಬಂದ್ ಮಾಡೇವಿ ಅಂತ ಬರ್ಲಿಕತ್ತದ್ರಿ."

ನಾಲ್ಕೂವರೆ ಆಗಿತ್ತು.

ಅವರ ವಿಭಾಗಕ್ಕೆ ಹೋಗಿ ನೋಡಿದರೆ ಎಲ್ಲರ ಪರದೆಯ ಮೇಲೂ ಅದೇ ಸೈಟು. ಯಾರಿಗೆ ಮೊದಲು ತೆರೆದುಕೊಳ್ಳುತ್ತದೋ ಅವರು ಸುಧಾ ಪರವಾಗಿ ಒಪ್ಪಿಗೆ ಒತ್ತಬೇಕೆಂದು ಇಡೀ ವಿಭಾಗ ಬಿಡದೆ ರಿಫ್ರೆಶ್ ಮಾಡುತ್ತಿತ್ತು. ದೀಪಾವಳಿಗೆ ಯಾರಿಗಾದರೂ ರೈಲು ಟಿಕೆಟ್ ಬೇಕಾದರೂ ಅಲ್ಲಿ ಇದೇ ಪದ್ಧತಿ.

"ಸೈಟ್ ಭಾಳ ನಿಧಾನ ಇತ್ರಿ. ಎಲ್ಲಾರೂ ಕೂಡಿ ಜೋರ್ ಹಚ್ಚೇವಿ," ಎಂದರು ಪಕ್ಕದ ಮೇಜಿನ ಕುಲಕರ್ಣಿ, ಹೆಮ್ಮೆಯಿಂದ.

ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿ ಇಷ್ಟೊಂದು ಜನ, ನಿಜ. ಆದರೆ ಆ ಸೈಟಿಗೆ ಕಂಡದ್ದು ಒಂದೇ ವಿಳಾಸ, ಹುಚ್ಚನಂತೆ ಬಾಗಿಲು ಬಡಿಯುವ ಒಬ್ಬನೇ ಮನುಷ್ಯ. ದಾಳಿಯೆಂದು ತಿಳಿದು ಬಾಗಿಲು ಹಾಕಿಕೊಂಡಿತ್ತು.

"ಕೈ ತೆಗೀರಿ! ಯಾರೂ ಮೌಸ್ ಮುಟ್ಟಬ್ಯಾಡ್ರಿ!" ಎಂದು ಕೂಗಿದೆ.

ಈಗ ಬೇಕಿದ್ದದ್ದು ಬೇರೊಂದು ವಿಳಾಸ. ಅದು ಗೇಟಿನಲ್ಲಿದ್ದ ಸುಧಾ ಫೋನಿನಲ್ಲಿತ್ತು. ಮೊಬೈಲ್ ಇಂಟರ್ನೆಟ್ ನಮ್ಮ ಪ್ರಾಕ್ಸಿಯ ಮೂಲಕ ಹೋಗುವುದಿಲ್ಲ. ಇಬ್ಬರೂ ಓಡಿದೆವು. ಗೇಟ್ ಪಾಸ್ ಇಲ್ಲದೆ ಫೋನ್ ಕೊಡುವುದಿಲ್ಲವೆಂದು ಸೆಕ್ಯುರಿಟಿಯವನು ಹಟ ಹಿಡಿದ. ಸುಧಾ ಕೈಮುಗಿದು, "ದಾದಾ, ಮಾಝ್ಯಾ ಮುಲೀಚಾ ಪ್ರಶ್ನ ಆಹೇ," ಎಂದು ಮರಾಠಿಯಲ್ಲಿ ಮಗಳ ಹೆಸರಿನಲ್ಲಿ ಬೇಡಿಕೊಂಡರು. ಅವರ ಮುಖ ನೋಡಿ ಆತ ಕಪಾಟು ತೆರೆದ.

ಪುಟ ತೆರೆಯಿತು. ಅವಸರದಲ್ಲಿ ಸುಧಾ ಒತ್ತಿದ ಪಾಸ್‌ವರ್ಡ್ ತಪ್ಪಿತು, ಮತ್ತೆ ತಪ್ಪಿತು. ಇನ್ನೊಮ್ಮೆ ತಪ್ಪಿದರೆ ಖಾತೆಯೇ ಲಾಕ್ ಆಗಬಹುದೆಂದು ನಾನು ಒಂದೊಂದೇ ಅಕ್ಷರ ಹೇಳಿಸಿ ಒತ್ತಿಸಿದೆ. ಕೊನೆಗೆ ಸೀಟು ಖಚಿತವಾಯಿತೆಂದು ಬಂತು. ಸುಧಾ ಅಲ್ಲೇ ಕುಳಿತು ಅತ್ತರು.

ಒಳಗೆ ಹಿಂತಿರುಗಿದಾಗ ಐದು ದಾಟಿತ್ತು. ಮನೆಗೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆದರೂ ಇಡೀ ವಿಭಾಗ ಕೈಕಟ್ಟಿ ಕುಳಿತಿತ್ತು. ಕಂಪ್ಯೂಟರ್ ಆರಿಸಲೂ ಒಬ್ಬರೂ ಮೌಸ್ ಮುಟ್ಟಿರಲಿಲ್ಲ.

"ಇನ್ನ ಮುಟ್ಟಬಹುದೇನ್ರಿ?" ಎಂದು ಕುಲಕರ್ಣಿ ಅಂಜುತ್ತ ಕೇಳಿದರು.

ಪ್ರಾಕ್ಸಿಯ ಹಿಂದೆ ಕುಳಿತವರೆಲ್ಲ ಹೊರಗಿನವರಿಗೆ ಒಬ್ಬರೇ. ಅಲ್ಲಿ ಒಮ್ಮೊಮ್ಮೆ ಸುಮ್ಮನೆ ಕೂರುವುದೇ ಸಹಾಯ ಎಂದು ಹೊಸಬರಿಗೆ ಹೇಳುತ್ತ ಬಂದಿದ್ದೇನೆ. ಎಷ್ಟು ಕಷ್ಟದ ಸಹಾಯ ಅದು ಎಂದು ತಿಳಿದದ್ದು ಮಾತ್ರ ಆ ಕಟ್ಟಿದ ಕೈಗಳನ್ನು ಕಂಡಾಗ.