ಗುಳ್ಳೆಯಿಲ್ಲದ ಬಾಟಲಿ

ಮದಲೂರಿನಲ್ಲಿ ಇನ್ನೂ ಮುಖ ಗುರುತು ಹತ್ತದ ಬೆಳಕು. ಬೀದಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ ಕದರಪ್ಪ ಗಾಜಿನ ಕೊಳವೆಗೆ ನೀರು ಹಿಡಿದು, ಔಷಧಿಯ ಐದು ಹನಿ ಬಿಡುತ್ತಾರೆ. ಟಾರ್ಚಿನ ಬೆಳಕಲ್ಲಿ ನೀರು ಮೆಲ್ಲಗೆ ನಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತದೆ. ಬ್ಲೀಚಿಂಗ್ ಪುಡಿ ಹದವಾಗಿ ಬೆರೆತಿದೆ ಎಂದರ್ಥ.

“ನಿನ್ ಪೂಜೆ ಮುಗೀತೇನಪ್ಪ? ನನ್ ಕೊಡಕ್ಕೆ ವಯಸ್ಸಾಗೋಯ್ತು!” ಎದುರುಮನೆಯ ಪಾಪಕ್ಕ ರೇಗಿಸುತ್ತಾರೆ.

“ಹಿಡ್ಕಳವ್ವ, ಇವತ್ತು ಪಾಸು.”

ನಾಲ್ಕನೇ ತರಗತಿ ಓದಿದ ಕದರಪ್ಪ ಹನ್ನೊಂದು ವರ್ಷದಿಂದ ದಿನಗೂಲಿ ನೀರುಗಂಟಿ. ಬೆಳಗಾಗುವುದರೊಳಗೆ ಏಳು ಬೀದಿಯ ನಲ್ಲಿಗಳನ್ನು ನೋಡಿ ಮುಗಿಸುತ್ತಾರೆ.

ಎರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಎಂಬತ್ತನಾಲ್ಕರ ಬೇಸಿಗೆ. ಕೆರೆ ತಳ ಕಂಡು, ಹೊಂಗೆಯೆಲೆ ಕೊಳೆತು, ನೀರು ಟೀ ಡಿಕಾಕ್ಷನ್ನಿನಂತಾಗಿತ್ತು. ವಾಂತಿಭೇದಿಯ ಭಯಕ್ಕೆ ನೀರು ಸರಬರಾಜಿನ ಮೇಸ್ತ್ರಿ ಮೂಡಲಗಿರಿಯಪ್ಪ ಮೂರು ಪಟ್ಟು ಪುಡಿ ಸುರಿಸಿದರು. ಮೂಗಿಗೆ ಘಾಟು ಹೊಡೆದಷ್ಟೂ ನೀರು ಶುದ್ಧವೆಂದು ಊರು ನಂಬಿತು. ಕದರಪ್ಪ ನಂಬಲಿಲ್ಲ. ಪುಡಿಯೂ ಕೊಳೆತ ಎಲೆಯೂ ಕೂಡಿದರೆ ಹೊಸದೊಂದು ವಿಷ ಹುಟ್ಟುತ್ತದೆ, ವರ್ಷಗಟ್ಟಲೆ ಕುಡಿದರೆ ಪಿತ್ತಜನಕಾಂಗ ಕೆಡಬಹುದು, ಕ್ಯಾನ್ಸರಿನ ಅನುಮಾನವೂ ಇದೆ ಎಂದು ಆರೋಗ್ಯ ಶಿಬಿರದ ಡಾಕ್ಟರೊಬ್ಬರು ಹೇಳಿದ್ದು ಅವರ ತಲೆಯಲ್ಲಿತ್ತು. ನೀರು ಹಿಡಿದು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೊರಟೇಬಿಟ್ಟರು.

“ಅರ್ಧ ಬಾಟ್ಲಿ ತಗೊಂಡೋಗಿದ್ದೆ. ನಕ್ಬುಟ್ರು! ಮ್ಯಾಲೆ ಖಾಲಿ ಜಾಗ ಇದ್ರೆ ಆ ವಿಷ ಗಾಳಿಗೆ ಹಾರೋಯ್ತದಂತೆ ಕಣಮ್ಮ,” ಎಂದು ವರದಿಗೆಂದು ಬಂದ ನನ್ನೆದುರು ನಗುತ್ತಾರೆ.

ಎರಡನೇ ಸಲ ಪ್ರಯೋಗಾಲಯದವರೇ ಕೊಟ್ಟ ಕಂದು ಗಾಜಿನ ಬಾಟಲಿಯನ್ನು ಕಂಠಪೂರ್ತಿ ತುಂಬಿದರು. ಗುಳ್ಳೆ ಸೇರಿತೇ ಎಂದು ತಲೆಕೆಳಗು ಮಾಡಿ ಬಿಸಿಲಿಗೆ ಹಿಡಿದು ನೋಡಿದರು. ಏಳು ಸಮುದ್ರದಾಚೆಯ ರಾಕ್ಷಸನ ಪ್ರಾಣವಿದ್ದ ಗಿಳಿಯನ್ನು ಹೊತ್ತವರಂತೆ, ಬಸ್ಸಿನುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದರು.

ವಿಷ ಇತ್ತು, ಬೇಕಾದಷ್ಟಿತ್ತು. ಪುಡಿ ನಿಲ್ಲಿಸಿದರೆ ವಾಂತಿಭೇದಿ ನಿಜ. ಮೊದಲು ಪಟಿಕ ಹಾಕಿ ಎಲೆಯ ಕಸರು ತಳಕ್ಕಿಳಿಸಿ, ಆಮೇಲೆ ಅಳತೆಯ ಪುಡಿ ಹಾಕಿ ಎಂದರು ಪ್ರಯೋಗಾಲಯದವರು. ಇರುವುದೊಂದೇ ತೊಟ್ಟಿ. ತಿಳಿಯಾಗಲು ಬಿಟ್ಟರೆ ನಲ್ಲಿ ದಿನ ಬಿಟ್ಟು ದಿನ.

“ಊರೋರು ದಂಗೆ ಎದ್ರೆ ನಿನ್ ಕೆಲ್ಸ ಹೋಯ್ತು ಕಣ್ಲಾ,” ಎಂದರು ಮೂಡಲಗಿರಿಯಪ್ಪ.

“ಹೋಗ್ಲಿ ಬುಡಣ್ಣ. ಇದೇ ನೀರು ನನ್ ಮಕ್ಳೂ ಕುಡೀತಾರೆ.”

ಊರು ಬೈಯಿತು. ಪಾಪಕ್ಕ ಖಾಲಿ ಕೊಡವನ್ನು ಅವರ ಬಾಗಿಲಿಗೇ ತಂದು ಕುಕ್ಕಿದರು. ಕದರಪ್ಪ ಪಟ್ಟು ಬಿಡಲಿಲ್ಲ. ಮೂರನೇ ಬಾಟಲಿಯಲ್ಲಿ ವಿಷ ಕಾಲುಭಾಗಕ್ಕಿಳಿದಿತ್ತು. ಈಗ ಎರಡು ವರ್ಷದಿಂದ ಪಟಿಕದ ಮೂಟೆ ಇಳಿಸಿಕೊಳ್ಳುವವರು ಸ್ವತಃ ಮೇಸ್ತ್ರಿಯೇ.

ಕೆಲಸ ಖಾಯಂ ಆಗುವ ಆಸೆಯಿಲ್ಲವೇ ಎಂದು ಕೇಳುತ್ತೇನೆ.

“ಐತೆ. ಅದಕ್ ಮುಂಚೆ, ಪಟಿಕ ಮೊದ್ಲು, ಪುಡಿ ಆಮ್ಯಾಕೆ ಅಂತ ತಪ್ಪದೆ ಮಾಡೋರು ಒಬ್ರು ಸಿಗ್ಬೇಕು, ನಂಬಿ ತೊಟ್ಟಿ ಕೀಲಿ ಕೊಟ್ಟು ಎರಡ್ ದಿನ ಊರು ಬುಟ್ಟು ಹೋಗಾಕೆ. ಪಾವಗಡದಾಗೆ ನನ್ ಮೊಮ್ಮಗಳು ಆಗ್ಲೇ ನಡೀತಾಳಂತೆ. ನಾನಿನ್ನೂ ಮಕ ನೋಡಿಲ್ಲ.”