ಗದ್ದಲದ ಮರೆಯಲ್ಲಿ ಹೇಳಿಕೊಂಡದ್ದು

ನಮ್ಮ ಮನೆಕೂಟದಲ್ಲಿ ಎಲ್ಲರೂ ಒಟ್ಟಿಗೇ ಬಾಯಿಬಿಟ್ಟು ಪ್ರಾರ್ಥಿಸುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚಿಕ್ಕಬಾಣಾವರದಲ್ಲಿ ನಾವು ಬಾಡಿಗೆಗಿದ್ದ ಶೀಟಿನ ಮನೆಯಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಐದಾರು ಕುಟುಂಬಗಳು ಶುಕ್ರವಾರ ಸಂಜೆ ಚಾಪೆಯ ಮೇಲೆ ಮಂಡಿಯೂರಿದರೆ ಸಂತೆಯದೇ ಗದ್ದಲ. ಪಕ್ಕದಲ್ಲೇ ಇದ್ದ ಮನೆ ಒಡತಿ, "ನಿಮ್ ದೇವ್ರಿಗೆ ಕಿವಿ ಕೇಳಾಕಿಲ್ವೇನವ್ವ?" ಎಂದು ಅಮ್ಮನನ್ನು ರೇಗಿಸುತ್ತಿದ್ದರು. ನನಗೇನೋ ಆ ಗದ್ದಲ ಇಷ್ಟವಾಗುತ್ತಿತ್ತು. ಅದರ ಮರೆಯಲ್ಲಿ ಯಾರು ಏನನ್ನು ಬೇಕಾದರೂ ಹೇಳಿಕೊಳ್ಳಬಹುದಿತ್ತು, ಪಕ್ಕದವರಿಗೂ ತಿಳಿಯುತ್ತಿರಲಿಲ್ಲ. ಗಂಡನ ಕುಡಿತ, ಅತ್ತೆಯ ಬಾಯಿ, ಮದುವೆಯಾಗದ ಮಗಳು, ಎಲ್ಲವೂ ಒಂದೇ ಸಲಕ್ಕೆ ಮೇಲಕ್ಕೆ ಹೋಗುತ್ತಿದ್ದವು. ವಿಂಗಡಿಸಿಕೊಳ್ಳುವುದು ದೇವರ ಪಾಡು.

ನಿಜಕ್ಕೂ ಕಿವಿ ಕೇಳದಿದ್ದುದು ಅಪ್ಪನಿಗೆ. ವರ್ಷಗಟ್ಟಲೆ ಪವರ್ ಪ್ರೆಸ್ ಎದುರು ನಿಂತು ತಗಡು ಒತ್ತಿ ಒತ್ತಿ ಕಿವಿ ಹೋಗಿತ್ತು. ಅದು ಮನೆಯಲ್ಲಿ ನಮಗೆ ಗೊತ್ತಿತ್ತು. ನಮಗೆ ಗೊತ್ತೆಂಬುದು ಅಪ್ಪನಿಗೆ ಗೊತ್ತಿರಲಿಲ್ಲ. ನಮ್ಮ ತುಟಿ ನೋಡಿ ಉತ್ತರ ಕೊಡುತ್ತಿದ್ದರು, ತಪ್ಪಾದರೆ ತಮಾಷೆಗೆ ಹೇಳಿದೆ ಅನ್ನುತ್ತಿದ್ದರು. ಕಾರ್ಖಾನೆಯಲ್ಲಿ ಹೇಗೂ ಎಲ್ಲರೂ ಅರಚಿಯೇ ಮಾತಾಡುವುದು, ಅಲ್ಲಿ ಕಿವುಡ ಯಾರು, ಕೇಳುವವ ಯಾರು ಎಂದು ತಿಳಿಯುತ್ತಿರಲಿಲ್ಲ. ತಿಳಿದಿದ್ದರೆ ಪ್ರೆಸ್ಸಿನಿಂದ ತೆಗೆದು ಸ್ಟೋರಿಗೆ ಹಾಕುತ್ತಿದ್ದರು. ಆಪರೇಟರ್ ಅನ್ನಿಸಿಕೊಳ್ಳುವುದೇ ಅಪ್ಪನಿಗೆ ಉಸಿರು. ಡಬ್ಬ ಜೋಡಿಸಿಕೊಂಡು ಕೂರಲು ಅವರಿಂದ ಆಗುತ್ತಿರಲಿಲ್ಲ. ಅಮ್ಮನ ಚಿಂತೆಯೇ ಬೇರೆ. ಯಾರಾದರೂ ಕೈ ತೆಗಿ ಎಂದು ಕೂಗಿದಾಗ ಇವರಿಗೆ ಕೇಳಿಸದಿದ್ದರೆ? ಹಾಗೆ ಬೆರಳು ಕಳೆದುಕೊಂಡವರು ನಮ್ಮ ಕೂಟದಲ್ಲೇ ಇದ್ದರು.

ಆ ಶುಕ್ರವಾರ ಪಕ್ಕದ ಮನೆ ಒಡತಿಯ ಯಜಮಾನರಿಗೆ ವಿಪರೀತ ಜ್ವರ. ನಾವೆಲ್ಲ ಆಗಲೇ ಮಂಡಿಯೂರಿ ಕಣ್ಣು ಮುಚ್ಚಿದ್ದೆವು. ಕೂಟ ನಡೆಸುತ್ತಿದ್ದ ಉಪದೇಶಿಗಳು ಆಗ ನೆನಪಾದವರಂತೆ, ಇವತ್ತು ಸದ್ದು ಬೇಡ, ಮನಸ್ಸಿನಲ್ಲೇ ಪ್ರಾರ್ಥಿಸೋಣ ಎಂದರು. ಕಣ್ಣು ಮುಚ್ಚಿದ್ದ ಅಪ್ಪನಿಗೆ ಅವರ ತುಟಿ ಕಾಣಲಿಲ್ಲ. ಎಲ್ಲರೂ ಸುಮ್ಮನಾದರು. ಅಪ್ಪ ಎಂದಿನಂತೆ ಶುರುಮಾಡಿದರು.

"ಕರ್ತನೇ, ನಂಗೆ ಏನೂ ಕೇಳ್ತಿಲ್ಲಪ್ಪ. ಕಾಲಡಿ ನೆಲ ನಡುಗಿದ್ರೆ ಮಷಿನ್ ಓಡ್ತಿದೆ ಅನ್ಕೋತೀನಿ. ಮಗಳು ಹಾಡೋದು ಕೇಳಿ ಎಷ್ಟೋ ಕಾಲ ಆಯ್ತು. ವಾಸಿ ಮಾಡು ಅಂತ ಕೇಳಲ್ಲ. ಯಾರ್ಗೂ ಗೊತ್ತಾಗ್ದಂಗೆ ನೋಡ್ಕೋ, ಅಷ್ಟು ಸಾಕು."

ಅವರ ಫೋರ್‌ಮನ್ ನಮ್ಮ ಸಭೆಯವರೇ, ಅಪ್ಪನ ಪಕ್ಕದಲ್ಲೇ ಮಂಡಿಯೂರಿದ್ದರು. ಅಮ್ಮ ಅಪ್ಪನ ತೋಳು ಹಿಡಿಯಲು ಕೈ ಚಾಚಿ ಹಿಂದಕ್ಕೆಳೆದುಕೊಂಡಳು. ಮುಟ್ಟಿದರೆ ಕಣ್ಣು ಬಿಡುತ್ತಾರೆ, ಬಿಟ್ಟರೆ ಎಲ್ಲರ ಮುಖ ಕಾಣುತ್ತದೆ. ಆಮೆನ್ ಹೇಳಿ ಅಪ್ಪ ಕಣ್ಣು ತೆರೆಯುವ ಹೊತ್ತಿಗೆ ಉಳಿದವರೆಲ್ಲ ತಲೆ ತಗ್ಗಿಸಿದ್ದರು. ಅಪ್ಪನ ಮುಖ ಹಗುರವಾಗಿತ್ತು.

ಸೋಮವಾರ, ಕಿವಿ ಕೇಳುವುದಿಲ್ಲವೆಂದು ಹೇಳಿ ಅಪ್ಪನನ್ನು ಸ್ಟೋರಿಗೆ ಹಾಕಿದರು. ಗೊತ್ತಿದ್ದೂ ಪ್ರೆಸ್ಸಿನಲ್ಲಿ ಬಿಟ್ಟರೆ ನಾಳೆ ಆ ಕೈಗೆ ನಾನೇ ಉತ್ತರ ಹೇಳಬೇಕಾಗುತ್ತದೆ ಎಂದು ಫೋರ್‌ಮನ್ ಅಮ್ಮನೆದುರು ಕಣ್ಣೀರು ಹಾಕಿದರು. ಅವರು ಹೇಳಿದ್ದು ಸರಿಯೇ. ನನಗೆ ಸಿಟ್ಟು ಬಂದದ್ದೂ ಅದಕ್ಕೇ; ಮನಸಾರೆ ಬೈಯಲು ಒಬ್ಬ ಕೆಟ್ಟವನೂ ಸಿಗಲಿಲ್ಲ.

ಅಪ್ಪ ಸೈಕಲ್ ಒರಗಿಸಿ ಹೊಸ್ತಿಲ ಮೇಲೆ ಕೂತರು. ಬಾಗಿಲಲ್ಲಿ ನಿಂತಿದ್ದ ನನಗೆ, "ಆತನಿಗೆ ಬಿಟ್ರೆ ನಾನ್ ಯಾರ್ಗೂ ಹೇಳಿರ್ಲಿಲ್ಲ ಕಣೇ," ಅಂದರು.

ನಾನು ಒಳಗೆ ಹೋಗಿ, ಅವರಿಗೆ ನಿಜ ಹೇಳಲೇಬೇಕು ಎಂದು ಅಮ್ಮನ ಜೊತೆ ಜಗಳಕ್ಕೆ ನಿಂತೆ. ಅಮ್ಮ ಒಲೆಯಿಂದ ತಲೆ ಎತ್ತಲಿಲ್ಲ. "ಬೇಡ. ಅಷ್ಟು ಜನರ ಮುಂದೆ ಹೇಳ್ಬಿಟ್ಟೆ ಅಂತ ಗೊತ್ತಾದ್ರೆ ಅವರು ಇನ್ನು ಯಾರ ಮುಖಾನೂ ನೋಡಲ್ಲ. ದೇವರ ಮೇಲೆ ಕೋಪ ಇದ್ರೆ ಇರ್ಲಿ ಬಿಡು. ಆತ ತಡ್ಕೋತಾನೆ."

ಅಪ್ಪ ಕೂಟಕ್ಕೆ ಬರುವುದನ್ನೇನೂ ಬಿಡಲಿಲ್ಲ. ಎಲ್ಲರ ಜೊತೆ ಮಂಡಿಯೂರುತ್ತಿದ್ದರು, ಆದರೆ ಬಾಯಿ ತೆರೆಯುತ್ತಿರಲಿಲ್ಲ, ಕಣ್ಣನ್ನೂ ಮುಚ್ಚುತ್ತಿರಲಿಲ್ಲ. ಯಜಮಾನರ ಜ್ವರ ಬಿಟ್ಟ ಮೇಲೆ ಹಳೆಯ ಗದ್ದಲ ಮತ್ತೆ ಶುರುವಾಗಿತ್ತು. ಒಂದು ಸಂಜೆ ಅದರ ನಡುವೆ, ಅಮ್ಮನಿಗೆ ಒತ್ತಿಕೊಂಡು ಕೂತಿದ್ದ ನನಗೆ ಅವಳ ಪ್ರಾರ್ಥನೆ ಕೇಳಿಸಿತು.

"ಅವರ ಬೆರಳು ಉಳಿಸಿದ್ಯಲ್ಲ, ಸ್ತೋತ್ರ. ಅವರು ನಿನ್ ಜೊತೆ ಮಾತೇ ಬಿಟ್ಬಿಟ್ರಲ್ಲ, ಅದಕ್ಕೆ ನಾನೇನ್ ಮಾಡ್ಲಿ?"

ಅಪ್ಪ ಎದುರಿಗೇ ಇದ್ದರು, ಅವಳನ್ನೇ ನೋಡುತ್ತಿದ್ದರು. ಅಮ್ಮ ಸೆರಗನ್ನು ತುಟಿಗೆ ಅಡ್ಡ ಹಿಡಿದುಕೊಂಡಿದ್ದಳು.