ಟಾರ್ಚ್ ಹಿಡಿಯುವ ಹುಡುಗಿಯ ಪರವಾಗಿ

ಟಾರ್ಚ್ ಹಿಡಿಯುವ ಆ ಹುಡುಗಿಯನ್ನು ನಾನು ಶುರುವಿನಿಂದಲೂ ಬೈದುಕೊಂಡೇ ನೋಡಿದವಳು. ಕಪ್ಪು-ಬಿಳುಪು ಟೀವಿ ಕಾಲದ ಒಂದು ವಿದೇಶಿ ಬಾಹ್ಯಾಕಾಶ ಧಾರಾವಾಹಿ ಅದು. ಹೆಸರು ಹೇಳಿದರೆ ಅದರ ಅಭಿಮಾನಿಗಳು ನನ್ನನ್ನು ತಿದ್ದಲು ಬರುತ್ತಾರೆ, ಹಾಗಾಗಿ ಹೇಳುವುದಿಲ್ಲ. ಒಬ್ಬ ವಿಜ್ಞಾನಿ ಗ್ರಹದಿಂದ ಗ್ರಹಕ್ಕೆ ಹಾರುತ್ತಾನೆ, ಜೊತೆಗೆ ಒಂದಿಬ್ಬರು ಸಂಗಾತಿಗಳು. ಯಾವ ಗ್ರಹಕ್ಕೆ ಹೋದರೂ ಅಲ್ಲೊಂದು ಗುಹೆ. ಗುಹೆಯೊಳಗೆ ವಿಜ್ಞಾನಿ ಲೋಕವನ್ನು ಉಳಿಸುತ್ತಾನೆ. ಈ ಹುಡುಗಿ ಟಾರ್ಚ್ ಹಿಡಿದು ನಿಲ್ಲುತ್ತಾಳೆ, ಕಿರುಚುತ್ತಾಳೆ, ಕಾಲು ಉಳುಕಿಸಿಕೊಳ್ಳುತ್ತಾಳೆ. ಗೋಡೆಗೊಂದು ಮೊಳೆ ಹೊಡೆದು ಟಾರ್ಚ್ ನೇತುಹಾಕಿದ್ದರೆ ಒಬ್ಬರ ಸಂಬಳ ಉಳಿಯುತ್ತಿತ್ತು ಎಂಬುದು ನನ್ನ ವಾದವಾಗಿತ್ತು.

ವಾದಕ್ಕೆ ನಮ್ಮಲ್ಲಿ ಕೊರತೆಯಿರಲಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲಾಳಸಂದ್ರದ ಗೆಳೆಯನ ಅಪಾರ್ಟ್‌ಮೆಂಟಿನ ಪಾರ್ಟಿ ಹಾಲ್‌ನಲ್ಲಿ ನಾವೊಂದಷ್ಟು ಹುಚ್ಚರು ಸೇರುತ್ತಿದ್ದೆವು. ಪ್ರೊಜೆಕ್ಟರ್ ಅವನದು, ನಿಯಮಗಳು ನನ್ನವು. ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ನಾನೇ ಹೊತ್ತು ತಂದಿದ್ದವು: ಪರವೋ ವಿರೋಧವೋ ಚೀಟಿ ಎತ್ತಿ ತೀರ್ಮಾನವಾಗಬೇಕು, ಬೇಕಂತಲೇ ಮೆತ್ತಗೆ ವಾದಿಸಿದರೆ ಆ ಸುತ್ತೇ ರದ್ದು. ಈ ಸಲದ ವಿಷಯ ಗಂಭೀರವಾದದ್ದು. ಗುಂಪಿನ ಟೀ ಶರ್ಟಿನ ಮೇಲೆ ಯಾವ ಸಂಗಾತಿಯ ಚಿತ್ರ ಬರಬೇಕು? ಟಾರ್ಚ್ ಹುಡುಗಿ ಸೋತರೆ, ಇಲ್ಲವೇ ಸುತ್ತು ರದ್ದಾದರೆ, ಇನ್ನೊಬ್ಬ ಸಂಗಾತಿ, ಮೀಸೆಯ ಪೈಲಟ್, ಬರುತ್ತಾನೆ.

ಟಾರ್ಚ್ ಹುಡುಗಿಗೆ ಇಡೀ ಗುಂಪಿನಲ್ಲಿ ಇದ್ದದ್ದು ಒಬ್ಬಳೇ ಭಕ್ತೆ. ಹುಬ್ಬಳ್ಳಿಯಿಂದ ಬಂದು ಯಲಹಂಕದ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುವ ನನ್ನ ಗೆಳತಿ. "ನಾನೂ ದಿನಾ ಅದ ಮಾಡೂದಲ್ಲ? ಪ್ರಯೋಗ ಅವರದು, ಎತ್ತಿ ಕೊಡೂದು ನಂದು," ಎನ್ನುತ್ತಿದ್ದಳು. ಆ ಹುಡುಗಿಯನ್ನು ಎದೆಯ ಮೇಲೆ ಹಾಕಿಕೊಂಡು ಲ್ಯಾಬಿಗೆ ಹೋಗಬೇಕೆಂಬುದು ಅವಳ ಬಹುದಿನದ ಆಸೆ.

ಚೀಟಿ ಬಿಚ್ಚಿದೆವು. ನನಗೆ ಪರ. ಅವಳಿಗೆ ವಿರೋಧ.

ಹಾಲ್ ತುಂಬ ನಗು. ಅವಳು ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಇದು ಆಗೂದಿಲ್ಲ. ನನ್ನ ಕೈಲೆ ಆಕೀನ್ನ ಹೊಡಸ್ತೀರೇನು?"

"ರೂಲ್ಸ್ ಅಂದ್ರೆ ರೂಲ್ಸು ಮಗಾ. ಮುಂದಿನ್ ವಾರ ರೆಡಿಯಾಗ್ ಬಾ," ಅಂದ ಪ್ರೊಜೆಕ್ಟರ್ ಗೆಳೆಯ.

"ರೂಲ್ಸ್ ಮಾಡಿದಾಕಿ ಇಲ್ಲೇ ಕುಂತಾಳಲ್ಲ." ನನ್ನ ಕಡೆ ತಿರುಗಿದಳು. "ನೀ ಏನರ ಸೋತಿ ಅಂದ್ರ, ನನ್ನ ಪಿಜಿಗೆ ಬಂದು ಮಿರ್ಚಿ ತಿನ್ನೂದು ಮರತ ಬಿಡು."

ಅವಳು ಊರಿಂದ ತರುವ ಮೆಣಸಿನಕಾಯಿಯ ಮಿರ್ಚಿ ಭಜಿಯನ್ನು ಕಳೆದುಕೊಳ್ಳುವುದು ನನ್ನಿಂದಾಗದ ಮಾತು. ಆದರೆ ನಂಬದ ಮಾತನ್ನು ವಾದಿಸುವುದು ಹೇಗೆ? ವಾರವಿಡೀ ಹಳೆಯ ಕಂತುಗಳನ್ನು ನೋಡಿದೆ. ಕಿರುಚಾಟ, ಉಳುಕು, ಟಾರ್ಚು. ಒಂದು ಅಂಶವೂ ಸಿಗಲಿಲ್ಲ.

ಶನಿವಾರ ಮಧ್ಯಾಹ್ನ ಜಕ್ಕೂರಿನ ನಮ್ಮ ಹಳೇ ಮನೆಯಲ್ಲಿ ತಾತ ಸಂಪಿನ ಮೋಟರ್ ಬಿಚ್ಚುತ್ತಾ ಸ್ಪ್ಯಾನರನ್ನು ನೀರೊಳಕ್ಕೆ ಬೀಳಿಸಿದರು. ನೆಲದೊಳಗಿನ ತೊಟ್ಟಿ, ಹಗಲಲ್ಲೂ ಕತ್ತಲು. ಟಾರ್ಚ್ ಹಿಡಿಯಲು ನನ್ನನ್ನು ಕರೆದರು.

"ಇಂಗ್ ಇಡ್ಕೊ ಅಂದ್ರೆ ಅಂಗ್ ಇಡ್ಕೊಂಡಿದೀಯಲ್ಲಮ್ಮ. ಬೆಳಕು ನನ್ ಮೂತಿಗಲ್ಲ, ನೀರಿಗ್ ಬುಡು."

"ಎಲ್ಲಿಗೆ ಅಂತ ಹೇಳಿದ್ರೆ ತಾನೆ ತಾತ ಬಿಡೋದು?"

"ನಂಗ್ ಗೊತ್ತಿದ್ರೆ ನೀನ್ಯಾಕೆ?"

ಸುಮ್ಮನೆ ಬೆಳಕನ್ನು ತಳದ ಮೇಲೆ ಆಡಿಸಿದೆ. ಪೈಪಿನ ಹಿಂದೆ ಏನೋ ಮಿನುಗಿತು. ಬೆಳಕನ್ನು ಅಲ್ಲೇ ನಿಲ್ಲಿಸಿದೆ. ತಾತನ ಕಣ್ಣು ನಿಧಾನವಾಗಿ ಬೆಳಕಿನ ಹಿಂದೆ ಬಂತು.

"ಅಗೋ," ಅಂದರು. "ನಾನೇ ಕಂಡ್ ಇಡ್ದೆ ನೋಡು."

ಯಾರು ಕಂಡುಹಿಡಿದದ್ದು? ಮೊದಲು ನೋಡಿದವಳು ನಾನು, ಹೆಸರು ಅವರಿಗೆ. ಆಕ್ಷೇಪಣೆ ಎತ್ತಬೇಕೆಂದು ಬಾಯಿ ತೆರೆದವಳಿಗೆ ಗುಹೆಯ ಹುಡುಗಿ ನೆನಪಾದಳು. ಟಾರ್ಚನ್ನು ತಾತನ ಕೈಗಿಟ್ಟು ಲ್ಯಾಪ್‌ಟಾಪಿನ ಕಡೆ ಓಡಿದೆ. ಹಿಂದಿನಿಂದ ಬೈಗುಳ ಬರುತ್ತಲೇ ಇತ್ತು.

ನಿಲ್ಲಿಸಿ ನಿಲ್ಲಿಸಿ ನೋಡಿದೆ. ಗೋಡೆಯ ಗುಪ್ತ ಬಾಗಿಲು: ಬೆಳಕು ಮೊದಲು, ವಿಜ್ಞಾನಿಯ ಕಣ್ಣು ಆಮೇಲೆ. ಅನ್ಯಗ್ರಹದವರ ಮೊಟ್ಟೆ: ಬೆಳಕು ಮೊದಲು. ಆಮೇಲೆ ಅವನು ಬೆರಳೆತ್ತಿ "ನಾನು ಊಹಿಸಿದ್ದೆ" ಎನ್ನುತ್ತಾನೆ. ಏನು ಊಹಿಸಿದೆ ಮಾರಾಯ, ಅವಳು ಬೆಳಕು ಹಾಕಿ ತೋರಿಸಿದಳು. ನಾನು ಕೋಣೆಯಲ್ಲಿ ಒಬ್ಬಳೇ ನಗುತ್ತಿದ್ದೆ.

ಭಾನುವಾರ ಈ ವಾದವನ್ನು ಮಂಡಿಸಿದಾಗ ಹಾಲ್‌ನಲ್ಲಿ ಗುಸುಗುಸು ಎದ್ದಿತು. ಗೆಳತಿಯ ಮುಖ ಅರಳಿ, ತಾನು ವಿರೋಧಿ ಎಂಬುದು ನೆನಪಾಗಿ ಮತ್ತೆ ಮುದುಡಿತು. ಆದರೆ ಎದ್ದು ನಿಂತ ಮೇಲೆ ಅವಳು ಮೋಸ ಮಾಡಲಿಲ್ಲ.

"ಆಕಿ ಹಗಲಿನ್ಯಾಗೂ ಟಾರ್ಚ್ ಹಚ್ಕೊಂಡ ಅಡ್ಡಾಡ್ತಾಳ," ಎಂದು ಶುರುಮಾಡಿ ಎಲ್ಲರನ್ನೂ ನಗಿಸಿದಳು. ಆಮೇಲೆ ಹಿಮಗ್ರಹದ ಕಂತು ಹಾಕಿಸಿದಳು. ಅವಳ ಲ್ಯಾಪ್‌ಟಾಪಿನಲ್ಲಿ ನೋಡುವಾಗೆಲ್ಲ ಆ ಕಂತನ್ನು ಹಾರಿಸಿಬಿಡುತ್ತಿದ್ದಳು. ಯಾಕೆಂದು ಈಗ ತಿಳಿಯಿತು. ವಿಜ್ಞಾನಿ ಬಾಂಬಿನ ತಂತಿ ಹುಡುಕುತ್ತಿದ್ದಾನೆ. ಜೀವ ಹೋಗುವ ಆ ಹೊತ್ತಿನಲ್ಲಿ ಹುಡುಗಿ ಬೆಳಕನ್ನು ತಂತಿಯಿಂದ ತೆಗೆದು ಚಾವಣಿಗೆ ಬಿಡುತ್ತಾಳೆ.

"ಚಾವಣಿ ಮ್ಯಾಲ ಏನದ? ಏನಿಲ್ಲ. ಎಲ್ಲಾ ಮೊದಲ ಆಕೀನ ನೋಡ್ತಾಳಂತ," ಅಂದಳು ಗೆಳತಿ. ಕೂತು ಕಣ್ಣು ಮುಚ್ಚಿಕೊಂಡಳು.

ನನ್ನ ವಾದ ನೆಲಕ್ಕೆ ಬಿದ್ದಿತ್ತು. ಮೀಸೆಯ ಪೈಲಟ್ ಟೀ ಶರ್ಟಿನ ಮೇಲೆ ನಗುವುದು ಕಣ್ಣಿಗೆ ಕಟ್ಟಿತು. ಹೊತ್ತು ಕಳೆಯಲೆಂದೇ, "ಇನ್ನೊಂದ್ ಸಲ ಹಾಕು ಗುರು, ಸ್ಲೋ ಆಗಿ," ಅಂದೆ.

ನಿಧಾನವಾಗಿ ಓಡಿತು. ಬೆಳಕು ಮೇಲೇರಿತು. ಎಲ್ಲರ ಕಣ್ಣೂ ಅದರ ಹಿಂದೆ ಹೋಯಿತು. ನನಗೆ ಸಂಪು ನೆನಪಾಯಿತು. ಬೆಳಕನ್ನು ಬಿಟ್ಟು ಅದು ಎಲ್ಲಿಂದ ಹೊರಟಿತೋ ಅಲ್ಲೇ ನೋಡಿದೆ.

"ನಿಲ್ಸು. ಎಡಗಡೆ, ಕೆಳಗೆ."

ತಂತಿಯ ಹಿಂದಿನ ಹಿಮದ ಬಂಡೆ ಮುಂದಕ್ಕೆ ವಾಲಿತ್ತು. ರಟ್ಟಿನ ಬಂಡೆ. ಅದರ ಅಂಚಿನಲ್ಲಿ ಒಂದು ಕೈ, ತೋಳು ಮಡಚಿದ ಶರ್ಟು, ಕೈಗಡಿಯಾರ. ಸೆಟ್ಟಿನ ಯಾರೋ ಪುಣ್ಯಾತ್ಮ ಬೀಳುತ್ತಿದ್ದ ಬಂಡೆಯನ್ನು ಹಿಂದಿನಿಂದ ಹಿಡಿದು ನಿಂತಿದ್ದಾನೆ. ಆ ಕಾಲದಲ್ಲಿ ಮಧ್ಯೆ ನಿಲ್ಲಿಸಿ ಮತ್ತೆ ಶೂಟ್ ಮಾಡುವುದು ಸುಲಭವಿರಲಿಲ್ಲ, ನಾಟಕದ ಹಾಗೆ ಒಂದೇ ಓಟ. ಟಾರ್ಚ್ ಹುಡುಗಿ ಅದನ್ನು ಕಂಡಿದ್ದಾಳೆ. ನಮ್ಮ ಕಣ್ಣನ್ನು ಚಾವಣಿಗೆ ಕರೆದೊಯ್ದು ಇಡೀ ಗ್ರಹವನ್ನು ಕಾಪಾಡಿದ್ದಾಳೆ.

ಹಾಲ್‌ನಲ್ಲಿ ಎದ್ದ ಕೂಗಿಗೆ ಸೆಕ್ಯೂರಿಟಿಯವರು ಬಂದು ಇಣುಕಿದರು. ಮತಕ್ಕೆ ಕರೆದಾಗ ಪೈಲಟ್ ಪಕ್ಷದವರೂ ಟಾರ್ಚ್ ಹುಡುಗಿಯ ಪರ ಕೈ ಎತ್ತಿದರು. ಗೆಳತಿ ತನ್ನ ವಿರುದ್ಧ ತಾನೇ ಎರಡೂ ಕೈ ಎತ್ತಿದಳು.

"ಇಷ್ಟ ವರ್ಷ ನಾಚಿಕೊಂಡ ಓಡಸ್ತಿದ್ನಲ್ಲೇ ಇದನ್ನ," ಅಂದಳು, ಕಣ್ಣೊರೆಸಿಕೊಳ್ಳುತ್ತಾ. "ನನಗ ಕಾಣದ್ದು ನಿನಗ ಹೆಂಗ ಕಂಡ್ತು? ನೀ ಆಕೀನ್ನ ಬೈಯಾಕಿ."

"ಬೈಯೋಕೆ ಹತ್ರದಿಂದ ನೋಡ್ಬೇಕಾಗತ್ತೆ ಕಣೇ."

"ಬಾಯಿ ಮುಚ್ಚು. ಮಿರ್ಚಿಗೆ ಬಾ. ಏ, ಇನ್ನೊಮ್ಮೆ ಹಾಕಪ್ಪಾ."

ಎಷ್ಟು ಸಲ ಹಾಕಿದೆವೋ. ಟೀ ಶರ್ಟಿನ ಮುಂದೆ ಟಾರ್ಚ್ ಹುಡುಗಿ ಬಂದಳು; ಬೆನ್ನಿಗೆ, ಗೆಳತಿಯ ಹಟದಿಂದ, ಗಡಿಯಾರದ ಆ ಕೈ. ಅದೂ ಸಂಗಾತಿಯೇ ಎಂದು ಅವಳ ವಾದ. ಅಲ್ಲವೆಂದು ನಾನು ಈಗಲೂ ಸಿದ್ಧಪಡಿಸಿಕೊಳ್ಳುತ್ತಿದ್ದೇನೆ.

ಹೊಸ ಟೀ ಶರ್ಟ್ ತೊಟ್ಟು ಮನೆಗೆ ಬಂದಾಗ ತಾತ ಜಗಲಿಯಲ್ಲಿದ್ದರು. ಕನ್ನಡಕ ಏರಿಸಿ ನೋಡಿದರು.

"ಯಾರಮ್ಮ ಇದು?"

"ಟಾರ್ಚ್ ಹಿಡಿಯೋಳು ತಾತ."

ಬೆಳಕು ಎತ್ತ ಬಿದ್ದಿದೆ, ಮಣಿಕಟ್ಟು ಹೇಗಿದೆ ಎಂದೆಲ್ಲ ತಲೆ ವಾಲಿಸಿ ಪರೀಕ್ಷಿಸಿದರು.

"ಇವ್ಳು ನೆಟ್ಟಗೆ ಇಡ್ಕೊಂಡವ್ಳೆ," ಅಂದರು.